ಉದ್ಯಮತಂತ್ರದ ಬಾಳಿಕೆಯನ್ನು ಅಳೆಯುವ ಬಗೆ: ಬಿಣಗಾದ ನಿದರ್ಶನ

ಅರ್ಗಾದಿಂದ ಹೆದ್ದಾರಿಯಲ್ಲಿ ಕಾರವಾರದ ಕಡೆಗೆ ಹೊರಟರೆ ಅನತಿದೂರದಲ್ಲಿ ಬಿಣಗಾ ಸಿಗುತ್ತದೆ. ಅಲ್ಲಿಯ ಕಾಸ್ಟಿಕ್ ಸೋಡಾ ಕಾರ್ಖಾನೆಯನ್ನು ಈ ಭಾಗದವರೆಲ್ಲ ಬಲ್ಲರು. ಒಂದು ಉದ್ಯಮತಂತ್ರವು ನೆಲಜಲಗಳಿಗೆ ಹೊರೆಯಾಗದೆ ಎಷ್ಟು ಕಾಲ ನಡೆದೀತೆಂಬುದನ್ನು ಅಳೆಯುವುದೆಂತು ಎಂಬ ಪ್ರಶ್ನೆಗೆ ಇದಕ್ಕಿಂತ ಸಮೀಪದ ನಿದರ್ಶನ ನಮಗೆ ದೊರೆಯದು.

ಉಪ್ಪುನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಕ್ಲೋರಿನ್ ಅನಿಲವೂ ಸೋಡಾವೂ ಒಟ್ಟಿಗೆ ಹುಟ್ಟುತ್ತವೆ. 1 ಟನ್ ಕ್ಲೋರಿನ್ನಿಗೆ ಸುಮಾರು 1.13 ಟನ್ ಸೋಡಾ. ಹಳೆಯ ವಿಧಾನದಲ್ಲಿ ಪಾದರಸವೇ ಋಣಧ್ರುವ. ಸೋಡಿಯಂ ಅದರಲ್ಲಿ ಬೆರೆತು, ಬಳಿಕ ನೀರಿನೊಡನೆ ಸೇರಿ ಸೋಡಾ ಆಗುತ್ತದೆ. ಪಾದರಸವು ಮರಳಿ ಕೋಶವನ್ನು ಸೇರುವುದಾದರೂ ಅದರ ಅಲ್ಪಾಂಶ ಹೊರಬೀಳದೆ ಇರದು. ಹೊಸ ಪಟಲವಿಧಾನದಲ್ಲಿ ಪಾದರಸವಿಲ್ಲ. ವಿದ್ಯುತ್ತಿನ ವೆಚ್ಚವೂ ಕಡಮೆ.

1997ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ರೂಪುಗೊಂಡ ಜೀವನಚಕ್ರ ಗಣನೆಯು ಕಚ್ಚಾವಸ್ತುವಿನಿಂದ ವಿಸರ್ಜನೆಯವರೆಗಿನ ಹೊರೆಯನ್ನೆಲ್ಲ ಕೂಡಿ, ಉತ್ಪನ್ನದ ಇಷ್ಟು ಪ್ರಮಾಣಕ್ಕೆ ಇಷ್ಟೆಂದು ಹೇಳುತ್ತದೆ. ಆದರೆ ಹೊರೆಯಲ್ಲಿ ಕ್ಲೋರಿನ್ನಿನ ಪಾಲೆಷ್ಟು, ಸೋಡಾದ ಪಾಲೆಷ್ಟು? ತೂಕದಂತೆ ಹಂಚಿದರೆ ಒಂದು ಉತ್ತರ, ಬೆಲೆಯಂತೆ ಹಂಚಿದರೆ ಇನ್ನೊಂದು. ಪೇಟೆಯಲ್ಲಿ ಸೋಡಾ ಅಗ್ಗವಾದ ವರ್ಷ ಅದು ಅಷ್ಟರಮಟ್ಟಿಗೆ ಶುದ್ಧವೂ ಆಗಿಬಿಡುತ್ತದೆ! ಅದು ಹಾಗಿರಲಿ.

ಇತಿಹಾಸದ ಅಭ್ಯಾಸಿಗಳಾದ ನಮಗೆ ಹೆಚ್ಚು ಗಂಭೀರವಾಗಿ ತೋರುವ ಕೊರತೆ ಬೇರೆ. ಟನ್ನಿನ ಲೆಕ್ಕಕ್ಕೆ ಕಾಲದ ನೆನಪಿಲ್ಲ. ಪಾದರಸವು ಮೂಲಧಾತುವಾದುದರಿಂದ ನಾಶವಾಗದು. ಕಡಲ ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಮೀನಿನಿಂದ ಮೀನಿಗೆ ಏರುತ್ತ ಸಾಂದ್ರವಾಗುತ್ತದೆ. ಜಪಾನಿನ ಮಿನಮಾಟದಲ್ಲಿ (ಅಲ್ಲಿಯದು ಅಸಿಟಾಲ್ಡಿಹೈಡ್ ಕಾರ್ಖಾನೆ) ರೋಗವು ಗುರುತಿಗೆ ಬಂದುದು 1956ರಲ್ಲಿ, ವಿಸರ್ಜನೆ ನಿಂತುದು 1968ರಲ್ಲಿ, ಕೊಲ್ಲಿಯ ಮೀನು ನಿರಪಾಯವೆಂದು ಸಾರಿದುದು 1997ರಲ್ಲಿ. ಟನ್ನಿನ ಲೆಕ್ಕದಲ್ಲಾದರೋ 1968ರ ಮರುವರ್ಷವೇ ಹೊರೆ ಸೊನ್ನೆ!

ಬಿಣಗಾದಲ್ಲಿ ಅಂತಹ ರೋಗ ಉಂಟಾಯಿತೆಂದು ನಾವು ಹೇಳುತ್ತಿಲ್ಲ. ಆದರೆ ಕಾರವಾರದ ಈ ಕಾರ್ಖಾನೆಯ ಸಮೀಪದ ಪಾದರಸವನ್ನು ಕುರಿತ ಅಧ್ಯಯನವೊಂದು 1990ರಷ್ಟು ಹಿಂದೆಯೇ ಪ್ರಕಟವಾಗಿದೆ. ಪಾದರಸಕೋಶಗಳನ್ನು ತ್ಯಜಿಸಬೇಕೆಂದು ಕೇಂದ್ರ ಸರ್ಕಾರವು 2003ರ ಸನ್ನದಿನಲ್ಲಿ ವಿಧಿಸಿತು. ದೇಶದ ಕಾರ್ಖಾನೆಗಳು ಕ್ರಮೇಣ ಪಟಲವಿಧಾನಕ್ಕೆ ತಿರುಗಿದುವು. ಇದು ನಿಸ್ಸಂದೇಹವಾಗಿ ಪ್ರಗತಿಯೇ. ಆದರೂ ಅಂಗಡಿಯ ಲೆಕ್ಕಪುಸ್ತಕದಲ್ಲಿ ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ತರುವ ಪದ್ಧತಿಯುಂಟಷ್ಟೆ. ಹೊಸ ತಂತ್ರದ ಲೆಕ್ಕದಲ್ಲಿ ಆ ಬಾಕಿಯ ಕಲಮೇ ಇಲ್ಲ.

ಆ ಕಲಮನ್ನು ತುಂಬುವ ಕೆಲಸ ಅಸಾಧ್ಯವಾದುದಲ್ಲ. ಬಂಡೆಗೆ ಕಚ್ಚಿಕೊಂಡ ಚಿಪ್ಪುಜೀವಿಗಳು ಅಲೆಯದೆ ಒಂದೆಡೆಯೇ ಬಾಳುತ್ತವೆ. ಅವುಗಳನ್ನೂ ತಳದ ಕೆಸರನ್ನೂ ಪ್ರತಿವರ್ಷ ಅದೇ ಋತುವಿನಲ್ಲಿ, ಅದೇ ಸ್ಥಳದಲ್ಲಿ ಪರೀಕ್ಷಿಸಿ, ಬಂದ ಅಂಕಿಯನ್ನು ಟನ್ನಿನ ಅಂಕಿಯ ಪಕ್ಕದಲ್ಲೇ ಬರೆದಿಟ್ಟರೆ ಸಾಕು.