ತಾಂಡೇಲ: ಕಡಲು ದಾಟಿದ ಒಂದು ಪದ

ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ದಿನಗಳವು. ಹಂಗಾರಕಟ್ಟೆ ಕಡೆಯ ಹುಡುಗಿಯೊಬ್ಬಳು 'ತಂದೆಯ ಉದ್ಯೋಗ' ಎಂಬಲ್ಲಿ 'ಕೂಲಿ' ಎಂದು ಬರೆದಿದ್ದಳು.

"ನಿನ್ನ ತಂದೆ ಬೋಟಿಗೆ ಹೋಗುವವರಲ್ಲವೇ?" ಎಂದೆ.

"ಹೌದು ಟೀಚರ್, ತಾಂಡೇಲ" ಎಂದು ಮೆಲ್ಲನೆ ಹೇಳಿ ತಲೆ ತಗ್ಗಿಸಿದಳು. ಪಕ್ಕದ ಹುಡುಗಿಯರು ನಕ್ಕಾರು ಎಂಬ ಅಳುಕು ಅವಳಿಗೆ.

ಆ ತಗ್ಗಿದ ತಲೆ ನನ್ನನ್ನು ಬಹಳ ದಿನ ಕಾಡಿತು. ಆ ಮಗು ನಾಚಿಕೊಂಡ ಪದ ಸಾಮಾನ್ಯದ್ದಲ್ಲ. ಅದು ಇಂಗ್ಲಿಷ್ ನಿಘಂಟನ್ನೂ ಸೇರಿದ ಪದ.

ಬ್ರಿಟಿಷರ ಹಡಗುಗಳಲ್ಲಿ 'ಟಿಂಡಲ್' ಎಂಬ ಹುದ್ದೆಯಿತ್ತು. ಭಾರತೀಯ ನಾವಿಕರ ಒಂದು ಗುಂಪಿನ ಮುಖಂಡನೇ ಟಿಂಡಲ್. ಅದು ನಮ್ಮ ತಾಂಡೇಲನೇ. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ ಪ್ರಸಿದ್ಧ ಕೋಶ 'ಹಾಬ್ಸನ್-ಜಾಬ್ಸನ್' 1886ರಲ್ಲಿ ಪ್ರಕಟವಾಯಿತು. ಯೂಲ್ ಅವರೊಂದಿಗೆ ಅದನ್ನು ಸಿದ್ಧಪಡಿಸಿದ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು. ಆ ಕೋಶ ಈ ಪದವನ್ನು ಮಲಯಾಳದ 'ತಂಡಲ್', ತೆಲುಗಿನ 'ತಂಡೇಲು', ಮರಾಠಿಯ 'ತಾಂಡೇಲ್'ಗಳೊಂದಿಗೆ ಜೋಡಿಸುತ್ತದೆ. ಮೂಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. 'ತಂಡು' ಎಂದರೆ ಹುಟ್ಟು, ಆದ್ದರಿಂದ ಹುಟ್ಟು ಹಾಕುವವನು ಎಂಬುದು ಒಂದು. ಸಾಲುಗೂಡಿದ ಜನರ ಗುಂಪಿಗೆ ನಾಯಕ ಎಂಬುದು ಇನ್ನೊಂದು. ಯಾವುದು ಸರಿಯಾದರೂ ಅರ್ಥದಲ್ಲಿ ಕೀಳುತನವಿಲ್ಲ. ಒಂದರಲ್ಲಿ ದುಡಿಮೆಯಿದೆ, ಇನ್ನೊಂದರಲ್ಲಿ ಹೊಣೆಯಿದೆ.

ಇಂತಹ ಪದಗಳು ಇನ್ನೂ ಇವೆ. ಟಿಂಡಲ್‌ನ ಮೇಲಿನ ಅಧಿಕಾರಿ 'ಸೆರಾಂಗ್'. ಅದು ಪಾರ್ಸಿಯ 'ಸರ್‌ಹಂಗ್', ಅಂದರೆ ದಳಪತಿ. ಕೇರಳದ ಬೋಟುಗಳಲ್ಲಿ ಅದೇ ಪದ 'ಸ್ರಾಂಕ್' ಆಗಿದೆ. 'ನಾಖುದಾ' ಎಂದರೆ ನಾವೆಯ ಒಡೆಯ. ಗಂಗೊಳ್ಳಿ, ಶಿರೂರು, ಭಟ್ಕಳಗಳ ಕಡಲನ್ನೇ ನಂಬಿದ ನಮ್ಮ ಸಹೋದರರ ಒಂದು ಸಮುದಾಯಕ್ಕೆ ಇಂದಿಗೂ ಅದೇ ಹೆಸರು. ಬೋಟಿನ 'ಕಲಾಸಿ' ಅರಬಿಯ ಖಲಾಸಿ. ನೌಕಾಪಡೆಯ 'ಅಡ್ಮಿರಲ್' ಎಂಬ ದೊಡ್ಡ ಬಿರುದಿನಲ್ಲೂ ಅಡಗಿರುವುದು ಅರಬಿಯ 'ಅಮೀರ್'. ಅರಬಿಯಲ್ಲಿ 'ಮೌಸಿಂ' ಎಂದರೆ ಋತು. ಅದು ಪೋರ್ಚುಗೀಸರ ಬಾಯಿಗೆ ಬಿದ್ದು 'ಮಾನ್ಸೂನ್' ಆಯಿತು.

ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯ ಬಳಿಯ ಹಂಗಾರಕಟ್ಟೆ ಇಂದು ಕರ್ನಾಟಕದ ಕಿರು ಬಂದರುಗಳಲ್ಲೊಂದು. ಹತ್ತಿರದ ಬಾರ್ಕೂರನ್ನು 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ 'ಫಾಕನೂರ್' ಎಂದು ಕರೆದಿದ್ದಾರೆ. ಅಲ್ಲಿನ ಹಿಂದೂ ದೊರೆಗೆ ಸುಮಾರು 30 ಹಡಗುಗಳಿದ್ದವು, ಅವುಗಳ ನಾಯಕ ಒಬ್ಬ ಮುಸ್ಲಿಮ್ ಎಂದು ಬರೆದಿದ್ದಾರೆ. ಆ ನಾಯಕ ವ್ಯಾಪಾರಿಗಳನ್ನು ದೋಚುವ ದುಷ್ಟ ಎಂಬುದನ್ನೂ ಮುಚ್ಚಿಟ್ಟಿಲ್ಲ. ಸ್ಥಾನದಿಂದಷ್ಟೇ ಮನುಷ್ಯ ದೊಡ್ಡವನಾಗುವುದಿಲ್ಲ ಎಂಬ ಪಾಠ ಅದರಲ್ಲಿದೆ.

ಪದಗಳು ಹಡಗು ಹತ್ತಿದವು ನಿಜ, ಆದರೆ ಅವುಗಳ ಮರ್ಯಾದೆ ದಡದಲ್ಲೇ ಉಳಿಯಿತು. 'ಲಶ್ಕರ್' ಎಂದರೆ ಸೈನ್ಯ. ಅದರಿಂದ ಹುಟ್ಟಿದ 'ಲಾಸ್ಕರ್' ಎಂಬ ಪದ ಇಂಗ್ಲಿಷಿನಲ್ಲಿ ಅಗ್ಗದ ಕೂಲಿಯ ನಾವಿಕನ ಹೆಸರಾಯಿತು. ಬಂಗಾಳ, ಗುಜರಾತ್, ಕೊಂಕಣಗಳಿಂದ ಹೋದ ಲಾಸ್ಕರರಲ್ಲಿ ಮುಸ್ಲಿಮರು ಬಹಳ ಮಂದಿ. ಬಿಳಿಯ ನಾವಿಕನ ಸಂಬಳದ ಸಣ್ಣ ಪಾಲಷ್ಟೇ ಅವರಿಗೆ ದಕ್ಕುತ್ತಿತ್ತು. 1939ರಲ್ಲಿ ಯುದ್ಧ ಆರಂಭವಾದಾಗ ಅವರು ವೇತನಕ್ಕಾಗಿ ಮುಷ್ಕರ ಹೂಡಬೇಕಾಯಿತು. ಎರಡು ಮಹಾಯುದ್ಧಗಳಲ್ಲಿ ಅವರಲ್ಲಿ ಸಾವಿರಾರು ಮಂದಿ ಸಮುದ್ರದ ಪಾಲಾದರು. ಅವರ ದಾರಿ ಕಾಯುತ್ತಾ ಕುಳಿತ ತಾಯಂದಿರ, ಮಡದಿಯರ ಹೆಸರು ಯಾವ ಸ್ಮಾರಕದಲ್ಲೂ ಇಲ್ಲ.

ಕಾಯುವುದೆಂದರೇನೆಂದು ನಮ್ಮ ಕರಾವಳಿಯ ಮಹಿಳೆಯರಿಗೆ ಹೇಳಿಕೊಡಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಗಂಡಸರು ಮನೆಯಲ್ಲಿರುತ್ತಾರೆ, ಆದರೆ ಸಂಪಾದನೆ ಇರುವುದಿಲ್ಲ. ಆಗಸ್ಟ್ ಬಂದರೆ ಸಂಪಾದನೆ ಇರುತ್ತದೆ, ಆದರೆ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಆಗ ತಾಂಡೇಲನ ಮೇಲೆ ಎಲ್ಲರ ಕಣ್ಣು. ಬಲೆ ಎಲ್ಲಿ ಬೀಸಬೇಕು, ಗಾಳಿ ತಿರುಗಿದಾಗ ಯಾವಾಗ ಮರಳಬೇಕು ಎಂದು ನಿರ್ಧರಿಸುವವನು ಅವನೇ. ಈಗ ಜಿಪಿಎಸ್ ಇದೆ, ಮೀನಿನ ಗುಂಪು ತೋರಿಸುವ ಯಂತ್ರವಿದೆ. ಆದರೆ ಬೋಟಿನಲ್ಲಿರುವವರ ಪ್ರಾಣ ಇಂದಿಗೂ ಅವನ ಕೈಯಲ್ಲಿರುವ ಅಮಾನತ್ತೇ.

ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಉತ್ತಮವಾದುದಿಲ್ಲ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಪ್ರವಾದಿ ದಾವೂದ್(ಅ) ಕೂಡಾ ಹಾಗೆಯೇ ಉಂಡವರು ಎಂದು ನೆನಪಿಸಿದ್ದಾರೆ. ಭಾಷೆಗಳ ವೈವಿಧ್ಯವನ್ನು ಸೂರಃ ಅರ್ರೂಮ್ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸುತ್ತದೆ. ಈ ಎರಡೂ ಪಾಠಗಳು ತಾಂಡೇಲ ಎಂಬ ಒಂದೇ ಪದದಲ್ಲಿ ಸಿಗುತ್ತವೆ.

ಮರುದಿನ ತರಗತಿಯಲ್ಲಿ ಈ ಪದದ ಕಥೆ ಹೇಳಿದೆ. ಸಂಜೆ ಆ ಹುಡುಗಿ ಅರ್ಜಿ ಕೇಳಿ ಪಡೆದು, 'ಕೂಲಿ'ಯನ್ನು ಹೊಡೆದು ಹಾಕಿ 'ಬೋಟಿನ ತಾಂಡೇಲ' ಎಂದು ಬರೆದಳು.

ಸಹೋದರಿಯರೇ, ಮಕ್ಕಳು ತಂದೆಯ ಕೆಲಸಕ್ಕೆ ನಾಚಿಕೊಳ್ಳುವುದನ್ನು ಶಾಲೆಯಲ್ಲಿ ಕಲಿಯುತ್ತಾರೋ ಮನೆಯಲ್ಲೋ ತಿಳಿಯದು. ಆದರೆ ಅಭಿಮಾನಪಡುವುದನ್ನು ಮೊದಲು ಕಲಿಸಬೇಕಾದವರು ನಾವು. ಇಂದು ರಾತ್ರಿ ಊಟಕ್ಕೆ ಕುಳಿತಾಗ, ಅವರ ತಟ್ಟೆಗೆ ಬಂದ ಅನ್ನದ ಹಿಂದೆ ಯಾರ ಬೆವರಿದೆ ಎಂದು ಒಮ್ಮೆ ಹೇಳಿ.