ಯಾರೂ ನಗಲಿಲ್ಲ

ಸೇಡಂನಲ್ಲಿ ತೊಗರಿ ಮಾರಿದ ಹಣ ಅಪ್ಪನ ಖಾತೆಗೆ ಬಂದು ವಾರವೂ ಆಗಿರಲಿಲ್ಲ. ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್ ಆಗುತ್ತೆ’ ಎಂದು ಕರೆ ಬಂತು. ಅಪ್ಪ ಒಟಿಪಿ ಹೇಳಿಬಿಟ್ಟರು. 38 ಸಾವಿರ ರೂಪಾಯಿ ಹೋಯಿತು.

ಬಿಇ ಓದುತ್ತಿರುವ ನನಗೆ ಇದು ತಿಳಿದಿದ್ದು ಮೂರನೇ ದಿನ, ಹಾಸ್ಟೆಲ್‌ನಿಂದ ಕೋಡ್ಲಾಕ್ಕೆ ಬಂದಾಗ. ‘ಯಾಕೆ ಹೇಳಲಿಲ್ಲ?’ ಎಂದರೆ, ‘ಮಂದಿ ನಗ್ತಾರ’ ಎಂದರು. ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ದೂರು ದಾಖಲಾಯಿತು. ಆದರೆ ಹಣ ಅಷ್ಟರಲ್ಲಿ ಕೈ ದಾಟಿತ್ತು.

ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗುವ ಮೊದಲೇ ಬ್ಯಾಂಕಿಗೆ ತಿಳಿಸಿ ತಡೆಹಿಡಿಸುವುದೇ ಈ ಸಹಾಯವಾಣಿಯ ಕೆಲಸ. ಅದಕ್ಕೆ ಮೊದಲ ಒಂದೆರಡು ಗಂಟೆ ಮುಖ್ಯ. ಅಪ್ಪನ ನಾಚಿಕೆ ಕಳ್ಳನಿಗೆ ಎರಡು ದಿನ ಕೊಟ್ಟಿತು. ಕಂಪ್ಯೂಟರ್ ಮುಂದೆ ಕೂತು ಓದುವ ನಾನೂ ಮನೆಯವರಿಗೆ ಈ ನಂಬರ್ ಹೇಳಿಕೊಟ್ಟಿರಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇದೆ.

ಈಗ ಕ್ಯಾಲೆಂಡರ್ ಪಕ್ಕ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ: ಆನ್‌ಲೈನ್‌ನಲ್ಲಿ ಹಣ ಹೋದರೆ 1930, ತುರ್ತು ಸಹಾಯಕ್ಕೆ 112, ಉಚಿತ ಕಾನೂನು ನೆರವಿಗೆ 15100. ಕಳವು, ವಂಚನೆಯಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ದೂರುದಾರರಿಗೆ ಎಫ್‌ಐಆರ್ ಪ್ರತಿ ಉಚಿತ. 2024ರ ಜುಲೈ 1ರಂದು ಜಾರಿಯಾದ ಹೊಸ ಕಾನೂನಿನಲ್ಲೇ ಇದು ಇದೆ.

ಮೊನ್ನೆ ಪಕ್ಕದ ಮನೆಯ ಕಾಕಾ ಆ ನಂಬರ್‌ಗಳನ್ನು ಬರೆದುಕೊಂಡು ಹೋದರು. ಬರೆಸಿದವರು ಅಪ್ಪನೇ. ತಾವು ಮೋಸಹೋದ ಕಥೆಯನ್ನೂ ಹೇಳಿದರು. ಯಾರೂ ನಗಲಿಲ್ಲ.