ಬಡಕಲು ನಾಯಿಯ ಮೈ ತುಂಬಲು

ಕಳೆದ ಮಳೆಗಾಲದ ಒಂದು ಸಂಜೆ ಕೋಥ್ರೂಡಿನ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಹೆಣ್ಣುನಾಯಿ ಬಂದು ಮಲಗಿತು. ನಾಯಿ ಎನ್ನುವುದಕ್ಕಿಂತ ಎಲುಬಿನ ಹಂದರ ಎನ್ನಬಹುದಾಗಿತ್ತು. ಉದ್ದ ಕಾಲು, ಚೂಪು ಮೋರೆ. ಧಾರವಾಡದಿಂದ ಬಂದಿದ್ದ ನಮ್ಮತ್ತೆಯವರು ನೋಡಿದವರೇ, "ಅಯ್ಯ, ಇದು ನಮ್ಮ ಮುಧೋಳ ನಾಯೀನ ಇರಬೇಕು. ಪಾಪ, ಹಾಲು ಅನ್ನ ಕಲಿಸಿ ಮ್ಯಾಲೆ ಒಂದಿಷ್ಟು ತುಪ್ಪಾ ಹಾಕವಾ" ಎಂದರು. ನಾನೂ ಹಾಕಿದೆ, ದೊಡ್ಡ ಬೋಗುಣಿಯ ತುಂಬ. ನೋಡನೋಡುತ್ತ ನೆಕ್ಕಿ ಮುಗಿಸಿತು. ಬೆಳಗಾಗುವುದರೊಳಗೆ ವಾಂತಿ, ಭೇದಿ. ಕಾಲೂರಿ ನಿಲ್ಲುವ ತ್ರಾಣವೂ ಇರಲಿಲ್ಲ.

ಪಶುವೈದ್ಯರು ಎಷ್ಟು ಹಾಕಿದಿರಿ ಎಂದು ಕೇಳಿದಾಗ ಬೋಗುಣಿಯ ಅಳತೆಯನ್ನು ಕೈಯಲ್ಲಿ ತೋರಿಸಿದೆ. ಅವರು ಬೈಯಲಿಲ್ಲ. ಸಲೈನ್ ಹಚ್ಚಿ, ರಕ್ತ ಪರೀಕ್ಷೆ ಮಾಡಿ, ಎರಡು ದಿನ ಅಲ್ಲಿಯೇ ಇರಿಸಿಕೊಂಡರು.

ಅವರು ತಿಳಿಸಿ ಹೇಳಿದ ಸಂಗತಿ ಇದು. ಬಹುದಿನ ಉಪವಾಸವಿದ್ದ ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ತಾನೇ ಕರಗಿಸಿಕೊಂಡು ಬದುಕಿರುತ್ತದೆ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳ ಸಂಗ್ರಹ ಬರಿದಾಗಿರುತ್ತದೆ. ಒಮ್ಮೆಲೇ ಹೊಟ್ಟೆ ತುಂಬಿದರೆ, ಅದರಲ್ಲೂ ಅನ್ನ ಸಕ್ಕರೆಗಳಿಂದ ತುಂಬಿದರೆ, ಇನ್ಸುಲಿನ್ ಏರಿ ರಕ್ತದಲ್ಲಿ ಉಳಿದಿದ್ದ ಲವಣಗಳೂ ಜೀವಕೋಶಗಳಿಗೆ ಸೇರಿಬಿಡುತ್ತವೆ. ಆಗ ಹೃದಯ ತಾಳ ತಪ್ಪುತ್ತದೆ, ಉಸಿರಾಟ ಸೋಲುತ್ತದೆ. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಬಿಡುಗಡೆಯಾದ ಹಸಿದ ಸೆರೆಯಾಳುಗಳಲ್ಲಿ ಕೆಲವರು ಹೊಟ್ಟೆತುಂಬ ಉಂಡ ಮೇಲೆಯೇ ಸತ್ತರಂತೆ. ನಮ್ಮ ತುಪ್ಪದನ್ನವೂ ಅದೇ ದಾರಿಯಲ್ಲಿತ್ತು.

ಮುಧೋಳದ ಮಾತೂ ಬಂತು. ಮಹಾರಾಷ್ಟ್ರದವರು ಕ್ಯಾರವಾನ್ ಎನ್ನುವ ಆ ತಳಿ (2005ರಲ್ಲಿ ಅಂಚೆಚೀಟಿಯ ಮೇಲೂ ಮೂಡಿದೆ) ಆರೋಗ್ಯವಾಗಿದ್ದಾಗಲೂ ತೆಳ್ಳಗೇ ಇರುತ್ತದೆ. ಪಕ್ಕೆಲುಬು ಒಂದಿಷ್ಟು ಕಂಡರೆ ಗಾಬರಿಯಿಲ್ಲ. ಆದರೆ ಬೆನ್ನೆಲುಬು, ಸೊಂಟದ ಮೂಳೆ ದೂರದಿಂದಲೇ ಎದ್ದು ಕಂಡರೆ, ತೊಡೆಯ ಮಾಂಸ ಕರಗಿದ್ದರೆ, ಅದು ತಳಿಯ ಗುಣವಲ್ಲ, ಹಸಿವು. ವೈದ್ಯರು ಮೈಕಟ್ಟಿಗೆ 1ರಿಂದ 9ರವರೆಗೆ ಅಂಕ ಕೊಡುತ್ತಾರೆ, 4-5 ಸರಿಯಾದದ್ದು. ನಮ್ಮದಕ್ಕೆ 1 ಸಿಕ್ಕಿತು. ಅದು ಮುಧೋಳವೂ ಅಲ್ಲ, ಬೀದಿಯದೇ ಎಂದೂ ಹೇಳಿದರು. ಅತ್ತೆಯವರು ಮಾತ್ರ ಇಂದಿಗೂ ಒಪ್ಪಿಲ್ಲ.

ತೂಕ 11 ಕಿಲೋ. ಅಷ್ಟು ತೂಕದ ನಾಯಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು 420 ಕ್ಯಾಲೊರಿ ಬೇಕು. ಮೊದಲ ದಿನ ಅದರ ಕಾಲು ಭಾಗದಿಂದ ಮೂರನೆಯ ಒಂದು ಭಾಗ ಮಾತ್ರ, ಅದನ್ನೂ ನಾಲ್ಕೈದು ಸಲಕ್ಕೆ ಹಂಚಿ ಕೊಡಬೇಕು. ದಿನದಿನಕ್ಕೂ ಸ್ವಲ್ಪ ಹೆಚ್ಚಿಸುತ್ತ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ಅಳತೆಗೆ ಬರಬೇಕು. ಅದು ಬೋಗುಣಿ ನೆಕ್ಕಿ ಮುಖ ನೋಡುತ್ತ ನಿಂತಾಗ ಕೈ ಹಿಡಿದುಕೊಳ್ಳುವುದಿದೆಯಲ್ಲ, ಅದೇ ಎಲ್ಲಕ್ಕಿಂತ ಕಷ್ಟ.

ಇನ್ನೊಂದು ತೊಡಕು ನಮ್ಮ ಅಡುಗೆಮನೆಯದು. ವೈದ್ಯರು ಬೇಯಿಸಿದ ಕೋಳಿ, ಮೊಟ್ಟೆ ಎಂದರು. ನಮ್ಮಲ್ಲಿ ಮೊಟ್ಟೆಯೂ ಹೊಸಿಲು ದಾಟಿರಲಿಲ್ಲ. ಎರಡು ದಿನ ಚರ್ಚೆಯಾಗಿ ಬಾಲ್ಕನಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಬಂದವು. ಮೊಟ್ಟೆ, ಸ್ವಲ್ಪ ಅನ್ನ, ಜೊತೆಗೆ ವೈದ್ಯರು ಕೊಟ್ಟ ಆಹಾರ. ಹಾಲು ಅನೇಕ ನಾಯಿಗಳಿಗೆ ಒಗ್ಗುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಹುಳಿ, ಪಲ್ಯ, ಒಣದ್ರಾಕ್ಷಿಯ ಪಾಯಸ, ಚಾಕಲೇಟು ಇವು ವಿಷವೇ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

ಹೊಟ್ಟೆಯಲ್ಲಿ ಹುಳುವಿದ್ದರೆ ಎಷ್ಟು ಹಾಕಿದರೂ ಮೈ ಹತ್ತದು. ಉಣ್ಣೆಯಿಂದ ಬರುವ ಜ್ವರವೂ ನಾಯಿಯನ್ನು ಒಣಗಿಸುತ್ತದೆ. ಆದ್ದರಿಂದ ಮಲ, ರಕ್ತ ಎರಡನ್ನೂ ಪರೀಕ್ಷಿಸಿ ಔಷಧ ಕೊಡಿಸಬೇಕು. ಚೇತರಿಸಿಕೊಂಡ ಮೇಲೆ ರೇಬೀಸ್ ಲಸಿಕೆಯೂ ಆಯಿತು.

ಪ್ರತಿ ರವಿವಾರ ನಾಯಿಯನ್ನೆತ್ತಿಕೊಂಡು ಯಜಮಾನರು ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದರು. ಅದರಲ್ಲಿ ಅವರ ತೂಕ ಕಳೆದರೆ ನಾಯಿಯದು. ಹನ್ನೆರಡನೆಯ ವಾರ ಹದಿನಾರೂವರೆ ಬಂತು. ಪಕ್ಕೆಲುಬು ಈಗ ಕಣ್ಣಿಗೆ ಎದ್ದು ಕಾಣವು, ಕೈಯಿಟ್ಟರೆ ಮಾತ್ರ ಸಿಗುತ್ತವೆ. ಊಟ ಹೆಚ್ಚಿಸುವುದನ್ನು ಅಲ್ಲಿಗೇ ನಿಲ್ಲಿಸಿದೆವು.